ಮಾದಲ ಹಣ್ಣಿನ ತುದಿ

ಶಿಫ್ರಾಳ ಬಟ್ಟೆಗಳನ್ನು ಒಗೆಯುವ ಮೆಷಿನ್ನಿಗೆ ಹಾಕುವ ಮುಂಚೆ ಜೇಬು ತಡಕುವುದು ನನಗೆ ಅಭ್ಯಾಸವಾಗಿ ಹೋಗಿದೆ. ಒಮ್ಮೆ ಮರೆತಿದ್ದಕ್ಕೆ, ಅವಳು ಹೊಳೆದಂಡೆಯಿಂದ ಆರಿಸಿ ತಂದ ಕಲ್ಲುಗಳು ಮೆಷಿನ್ನಿನ ಹೊಟ್ಟೆಯಲ್ಲಿ ಗಡಗಡ ಉರುಳಿ, ನನ್ನ ಗಂಡ ಯೋನಾ ಮಹಡಿಯಿಂದ ಬರಿಗಾಲಲ್ಲಿ ಓಡಿ ಬಂದಿದ್ದ.

ಚಪ್ಪರ ಕಟ್ಟಿ ಆಚರಿಸುವ ಸುಕ್ಕೋತ್ ಹಬ್ಬದ ನಡುವಿನ ದಿನಗಳಲ್ಲಿ ನಮ್ಮ ಯೆಹೂದಿ ಜನ ಬಟ್ಟೆ ಒಗೆಯುವುದಿಲ್ಲ. ಚಿಕ್ಕ ಮಕ್ಕಳ ಬಟ್ಟೆಗೆ ಮಾತ್ರ ಅಡ್ಡಿಯಿಲ್ಲ. ಹಾಗಾಗಿ ಆ ಬೆಳಗ್ಗೆ ಬುಟ್ಟಿಯಲ್ಲಿ ಇದ್ದದ್ದೆಲ್ಲ ಅವಳದೇ: ಮೊಣಕಾಲಿನಲ್ಲಿ ಮಣ್ಣು ಗಟ್ಟಿಯಾದ ಪ್ಯಾಂಟು, ತೋಳಿನ ತುದಿಯನ್ನು ಚೀಪಿ ಚೀಪಿ ಸಡಿಲ ಮಾಡಿಕೊಂಡ ಸ್ವೆಟರು. ಪ್ಯಾಂಟಿನ ಒಂದು ಜೇಬಿನಲ್ಲಿ ಓಕ್ ಮರದ ಕಾಯಿ, ಶಾಲೆಯ ಚಪ್ಪರಕ್ಕೆ ಹೊದಿಸಿದ ಜೋಳದ ದಂಟಿನ ಒಣ ಗರಿ. ಇನ್ನೊಂದರಲ್ಲಿ ಅಚ್ಚುಕಟ್ಟಾಗಿ ಮಡಚಿದ ಕಾಗದದ ಕರವಸ್ತ್ರ. ಬಿಡಿಸಿದೆ. ಒಳಗೆ ಲವಂಗಕ್ಕಿಂತ ಸ್ವಲ್ಪ ದಪ್ಪಗಿನ, ಕಂದು ಬಣ್ಣದ ಒಂದು ಗುಬುಟು. ಮೂಗಿನ ಹತ್ತಿರ ಹಿಡಿದೆ. ಮಾದಲ ಹಣ್ಣಿನ ವಾಸನೆ.

ಮೆಷಿನ್ನಿನ ಬಾಗಿಲನ್ನು ತೆರೆದ ಹಾಗೇ ಬಿಟ್ಟು ನೆಲದ ಮೇಲೆ ಕೂತೆ.

ಈ ಹಬ್ಬದಲ್ಲಿ ಮಾದಲ ಹಣ್ಣನ್ನು ಖರ್ಜೂರದ ಗರಿಯ ಜೊತೆ ಕೈಯಲ್ಲಿ ಹಿಡಿದು ಪ್ರಾರ್ಥಿಸುತ್ತೇವೆ. ಹೂವು ಬಾಡಿದ ಮೇಲೂ ಹಣ್ಣಿನ ತುದಿಯಲ್ಲಿ ಉಳಿಯುವ ಈ ಗುಬುಟಿಗೆ ಪಿತೊಮ್ ಎಂದು ಹೆಸರು. ಅದು ಮುರಿದರೆ ಹಬ್ಬದ ಮೊದಲ ದಿನಗಳಲ್ಲಿ ಹಣ್ಣು ಪ್ರಾರ್ಥನೆಗೆ ಸಲ್ಲುವುದಿಲ್ಲ. ಅದಕ್ಕೇ ಯೋನಾ ಪ್ರತಿ ವರ್ಷ ಹಣ್ಣನ್ನು ನಾರಿನಲ್ಲಿ ಸುತ್ತಿ, ಬೆಳ್ಳಿ ಡಬ್ಬಿಯಲ್ಲಿಟ್ಟು, ಆಸ್ಪತ್ರೆಯಿಂದ ಎಳೆಗೂಸನ್ನು ಮನೆಗೆ ತಂದ ಹಾಗೆ ತರುತ್ತಾನೆ. ಎದ್ದು ಹೋಗಿ ಆ ಡಬ್ಬಿ ತೆರೆದು ನೋಡಿದೆ. ನಮ್ಮ ಹಣ್ಣಿನ ತುದಿ ನೆಟ್ಟಗೇ ಇತ್ತು. ಹಾಗಾದರೆ ಇದು ಶಾಲೆಯ ಹಣ್ಣಿನದು. ಶಾಲೆಯದು ಅಂದರೆ ಪೆನಿನಾಳದು.

ಪೆನಿನಾ ಶಿಫ್ರಾಳ ಟೀಚರು. ಮಕ್ಕಳು ಅವಳನ್ನು ಮೋರಾ ಎಂದು ಕರೆಯುತ್ತಾರೆ. ಟೀಚರಿಗೆ ನಮ್ಮ ಶಾಲೆಗಳಲ್ಲಿ ಇರುವ ಹೆಸರೇ ಅದು. ನನಗಿಂತ ಚಿಕ್ಕವಳು. ಮಳೆಯಲ್ಲೂ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುತ್ತಾಳೆ. ಹೊಸವರ್ಷದ ಹಬ್ಬಕ್ಕೆ ಜೇನುಹುಟ್ಟನ್ನೇ ತಂದು ಮಕ್ಕಳ ಕೈಯಲ್ಲಿ ಹಿಂಡಿಸಿದಳು. ಈ ಹಬ್ಬಕ್ಕೆ ಚಪ್ಪರದ ಗೂಟಗಳನ್ನು ಮಕ್ಕಳೇ ಬಡಿದು ನಿಲ್ಲಿಸಿದರು. ಮನೆಗೆ ಬಂದರೆ ಶಿಫ್ರಾಳ ಬಾಯಲ್ಲಿ ಬೇರೆ ಮಾತಿಲ್ಲ. ಮೋರಾ ಹೀಗೆ ಹೇಳಿದ್ರು, ಮೋರಾ ಹಾಗೆ ಮಾಡಿದ್ರು. ನಾನು ಸೌತೆಕಾಯಿಯನ್ನು ಚಕ್ರ ಚಕ್ರವಾಗಿ ಹೆಚ್ಚಿದರೆ, "ಮೋರಾ ಉದ್ದುದ್ದ ಕುಯ್ತಾರೆ, ಹಿಡ್ಕೊಂಡು ತಿನ್ನೋಕೆ ಬರುತ್ತೆ" ಎಂದು ತಟ್ಟೆ ದೂಡುತ್ತಾಳೆ. ಜ್ವರ ಬಂದಾಗ ಒಮ್ಮೆ ನಿದ್ದೆಗಣ್ಣಿನಲ್ಲಿ ನನ್ನನ್ನೇ "ಮೋರಾ" ಎಂದು ಕರೆದಳು. ನಾನು "ಏನು ಕಂದಾ" ಎಂದು ಹಣೆಗೆ ಒದ್ದೆ ಬಟ್ಟೆ ಹಾಕಿದೆ. ಮತ್ತೇನು ಮಾಡಲಿ. ಆದರೆ ಆ ಬಟ್ಟೆಯನ್ನು ಹಿಂಡುವಾಗ ಬೇಕಾದ್ದಕ್ಕಿಂತ ಜೋರಾಗಿ ಹಿಂಡಿದ್ದೆ.

ಈಗ ಪೆನಿನಾ ಬಸುರಿ. ಯಾರೂ ಬಾಯಿಬಿಟ್ಟು ಹೇಳಿಲ್ಲ. ಕೂಸು ಕೈಗೆ ಬರುವ ತನಕ ನಮ್ಮಲ್ಲಿ ಆ ಮಾತು ಎತ್ತುವುದಿಲ್ಲ, ತೊಟ್ಟಿಲು ಕೊಳ್ಳುವುದಿಲ್ಲ, ಕಣ್ಣು ತಾಗೀತೆಂಬ ಭಯ. ಶಾಲೆಯ ಬಾಗಿಲಲ್ಲಿ ತಾಯಂದಿರೆಲ್ಲ ಅವಳ ಮುಖ ಮಾತ್ರ ನೋಡಿ ಮಾತಾಡುತ್ತಾರೆ. ನಾನು ಮುಖವನ್ನೂ ಸರಿಯಾಗಿ ನೋಡುವುದಿಲ್ಲ. ಶಿಫ್ರಾಳ ಬೆನ್ನಿಗೆ ಇನ್ನೊಂದು ಮಗು ಬೇಕೆಂದು ನಾನೂ ಯೋನಾನೂ ಆಸ್ಪತ್ರೆಗೆ ಅಲೆದದ್ದು ನಮ್ಮೂರು ವಿನ್ನಿಪೆಗ್ಗಿನ ಪುಟ್ಟ ಬಳಗದಲ್ಲಿ ಯಾರಿಗೂ ಗೊತ್ತಿಲ್ಲದ್ದಲ್ಲ. ಯಾರಾದರೂ ಕಣ್ಣು ಹಾಕುವುದಿದ್ದರೆ ಅದು ನಾನೇ ಎಂದು ಅವರೆಲ್ಲ ಅಂದುಕೊಂಡಿರಬೇಕು. ನನಗೂ ಹಾಗೇ ಅನಿಸುತ್ತಿತ್ತು.

ಹಬ್ಬದ ಮೊದಲ ರಾತ್ರಿ ಹಿತ್ತಲಿನ ಚಪ್ಪರದಲ್ಲಿ ಊಟ. ನನ್ನ ಅತ್ತೆ ಫ್ರೇಡಾ ಎಲೆಕೋಸಿನ ಸುರುಳಿ ಮಾಡಿ ತಂದಿದ್ದರು. ಚಳಿಗೆ ಎಲ್ಲರೂ ಕೋಟು ಹಾಕಿಕೊಂಡೇ ಕೂತಿದ್ದೆವು. ಶಿಫ್ರಾ ಇದ್ದಕ್ಕಿದ್ದಂತೆ, "ಬಾಬಾ, ಮೋರಾ ತೊಡೆ ಮೇಲೆ ಈಗ ಜಾಗನೇ ಇಲ್ಲ" ಎಂದಳು. ನಮ್ಮೂರಿನಲ್ಲಿ ಅಜ್ಜಿಗೆ ಬಾಬಾ ಎನ್ನುವುದು.

ಅತ್ತೆ ತೂ ತೂ ತೂ ಎಂದು ಗಾಳಿಗೆ ಉಗುಳಿದರು. "ಅಲ್ಲಿ ಬೇರೆ ಯಾರೋ ಕೂತಿದ್ದಾರೆ ಕಣೇ. ಅದನ್ನೆಲ್ಲ ಜೋರಾಗಿ ಹೇಳಬಾರದು."

"ಅವರು ಯಾವಾಗ ಏಳ್ತಾರೆ?"

"ಹಬ್ಬದ ಕೊನೇಲಿ ಮೋರಾ ಮಾದಲ ಹಣ್ಣಿನ ಗುಬುಟು ಕಚ್ಚಿ ಮುರೀತಾರೆ. ನಾನೂ ನಿಮ್ಮಪ್ಪನ ಹೊತ್ತಾಗ ಕಚ್ಚಿದ್ದೆ. ಕಚ್ಚಿದ್ರೆ ಮಗು ಸಲೀಸಾಗಿ ಜಾರಿಕೊಂಡು ಬಂದುಬಿಡುತ್ತೆ."

"ಕಚ್ಚದಿದ್ರೆ?"

"ಕಚ್ಚದಿದ್ರೆ ಅಲ್ಲೇ ಕೂತಿರುತ್ತೆ, ಯಾರಾದ್ರೂ ಬಾಗಿಲು ತೆಗೀರಪ್ಪಾ ಅಂತ."

ಯೋನಾ ನಕ್ಕ. ಶಿಫ್ರಾ ನಗಲಿಲ್ಲ. ಅತ್ತೆ ನನ್ನ ಕಡೆ ವಾಲಿ ಮೆಲ್ಲಗೆ ಹೇಳಿದರು, "ಹಾದಸ್ಸಾ, ಈ ವರ್ಷ ನಮ್ಮ ಹಣ್ಣಿಂದು ನಿನಗೇ ಕಣೆ. ಬಸಿರು ನಿಲ್ಲೋಕೂ ಇದನ್ನ ಕಚ್ತಾರೆ, ನೀನೂ ಕಚ್ಚಿ ನೋಡು. ಯಾರಿಗೂ ಗೊತ್ತಾಗೋದು ಬೇಡ." ನಾನು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಅದಕ್ಕೇ ಆ ಬೆಳಗ್ಗೆ ನನಗೆ ಹೊಳೆದದ್ದು ಒಂದೇ ವಿಚಾರ. ಪೆನಿನಾ ಇದನ್ನು ನನಗೆ ಕಳಿಸಿದ್ದಾಳೆ. ಎಷ್ಟು ನಾಜೂಕಾಗಿ ಕರವಸ್ತ್ರದಲ್ಲಿ ಮಡಚಿ, ನನ್ನ ಮಗಳ ಜೇಬಿನಲ್ಲೇ ಇಟ್ಟಿದ್ದಾಳೆ. ತಾನು ಕಚ್ಚಬೇಕಾದದ್ದನ್ನು ನನಗೆ ದಾನ ಮಾಡಿದ್ದಾಳೆ. ಮಗಳ ಮನಸ್ಸನ್ನು ತೆಗೆದುಕೊಂಡದ್ದು ಸಾಲದೆಂದು, ಅದಕ್ಕೆ ಬದಲಾಗಿ ಇದು. ಅಷ್ಟು ಒಳ್ಳೆಯವಳಾಗು ಎಂದು ಅವಳಿಗೆ ಹೇಳಿದವರು ಯಾರು? ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಗುಬುಟನ್ನು ಮತ್ತೆ ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡೆ. ಮೆಷಿನ್ನು ಹಾಕಿದೆ. ಗಂಜಿ ಕಲಕಿದೆ.

ಶಿಫ್ರಾ ಬಂದು ಕೂತಳು. ದಿನವೂ ಬಟ್ಟಲಿಗೆ ಚಮಚ ಹಾಕುವ ಮುಂಚೆಯೇ ಅವಳ ಪ್ರಶ್ನೆಗಳು ಶುರುವಾಗುತ್ತವೆ. ಹುಳಕ್ಕೆ ಮೊಣಕಾಲು ಇದೆಯಾ, ಚಂದ್ರ ಯಾಕೆ ಚಪ್ಪರದ ಒಳಗೆ ಇಣುಕುತ್ತಾನೆ. ಆ ದಿನ ಒಂದೂ ಇಲ್ಲ. ಬಾಯಿ ತೆರೆಯುವಳು, ನನ್ನ ಮುಖ ನೋಡುವಳು, ಚಮಚ ಬಾಯಿಗಿಡುವಳು. ಯಾವುದೋ ಮಾತು ನಾಲಿಗೆಯ ತುದಿಗೆ ಬಂದು ಗಂಜಿಯ ಜೊತೆ ಒಳಗೆ ಇಳಿದು ಹೋಗುತ್ತಿತ್ತು. ಹಿಂದಿನ ಸಂಜೆಯೂ ಹೀಗೇ ಇದ್ದಳು ಎಂಬುದು ಆಗ ನೆನಪಾಯಿತು. ಒಂದು ಸಲವೂ ಮೋರಾ ಎಂದಿರಲಿಲ್ಲ. ಆಗ ಆ ಮೌನ ನನಗೆ ಹಿತವಾಗಿಯೇ ಇತ್ತು.

"ನಾನು ಶಾಲೆಗೆ ಹೋಗಲ್ಲ" ಎಂದಳು.

"ಯಾಕೆ ಕಂದಾ? ಮೋರಾ ಕಾಯ್ತಾ ಇರ್ತಾರಲ್ಲ." ನನ್ನ ದನಿಯ ಚುಚ್ಚು ನನಗೇ ಕೇಳಿಸಿತು.

"ಹೊಟ್ಟೇಲಿ ಏನೋ ಕೂತಿದೆ."

ಹೊಟ್ಟೆ ಒತ್ತಿ ನೋಡಿದೆ. ಮೆತ್ತಗಿತ್ತು. "ಇವತ್ತು ಹೊಳೆ ಹತ್ರ ಹೋಗ್ತೀರಿ, ವಿಲೋ ಕೊಂಬೆ ಕುಯ್ಯೋಕೆ. ನಾನೂ ಬರ್ತೀನಿ" ಎಂದೆ.

ಮರುದಿನ, ಹಬ್ಬದ ಪದ್ಧತಿಯಂತೆ, ಪ್ರಾರ್ಥನೆಯ ಕೊನೆಗೆ ವಿಲೋ ಮರದ ಕೊಂಬೆಗಳನ್ನು ನೆಲಕ್ಕೆ ಬಡಿಯಬೇಕಿತ್ತು. ಅದಕ್ಕಾಗಿ ಮಕ್ಕಳು ತಾವೇ ಕೊಂಬೆ ತರಬೇಕೆಂಬುದು ಪೆನಿನಾಳ ಹಟ. ಜೊತೆಗೆ ಬರುವ ತಾಯಂದಿರು ಬೇಕೆಂದು ಅವಳು ಕೇಳಿದಾಗ ನಾನು ಮನೆಗೆಲಸದ ನೆಪ ಹೇಳಿದ್ದೆ. ಈಗ ಹೋಗುವ ಕಾರಣ ನನ್ನ ಕೋಟಿನ ಜೇಬಿನಲ್ಲಿತ್ತು. ದಾರಿಯಲ್ಲಿ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ನನಗೆ ನಿಮ್ಮ ಕನಿಕರ ಬೇಡ. ನಿಮ್ಮದನ್ನು ನೀವೇ ಇಟ್ಟುಕೊಳ್ಳಿ. ನನ್ನ ಮಗಳ ಕೈಯಲ್ಲಿ ಇಂಥದ್ದನ್ನೆಲ್ಲ ಕಳಿಸಬೇಡಿ.

ಅಸಿನಿಬೋಯಿನ್ ಹೊಳೆಯ ದಂಡೆಯಲ್ಲಿ ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಗಟ್ಟಿಯಾಗಿಯೇ ಇತ್ತು. ಮಕ್ಕಳು ಅದನ್ನು ತುಳಿದು ಕರಕರ ಎನಿಸುತ್ತಿದ್ದರು. ಪೆನಿನಾ ಗಂಡನ ದೊಡ್ಡ ಕೋಟು ತೊಟ್ಟು, ಗುಂಡಿ ಹಾಕಲಾಗದೆ ಹಾಗೇ ಬಿಟ್ಟಿದ್ದಳು. ನನ್ನನ್ನು ಕಂಡು ಮುಖ ಅರಳಿಸಿ, "ಬಂದ್ರಾ, ಒಳ್ಳೇದಾಯ್ತು. ನನಗೆ ಇವತ್ತು ಬಗ್ಗೋಕೆ ಆಗ್ತಾ ಇಲ್ಲ" ಎಂದಳು. ಕೂಡಲೇ ಹೇಳಬಾರದ್ದು ಹೇಳಿದವಳಂತೆ ತುಟಿ ಕಚ್ಚಿಕೊಂಡಳು.

ಶಿಫ್ರಾ ಅವಳ ಹತ್ತಿರ ಓಡಲಿಲ್ಲ. ಬೇರೆ ದಿನಗಳಲ್ಲಿ ಶಾಲೆಯ ಗೇಟಿನಿಂದಲೇ ನನ್ನ ಕೈ ಬಿಡಿಸಿಕೊಂಡು ಓಡಿ, ತಣ್ಣಗಾದ ಬೆರಳುಗಳನ್ನು ಪೆನಿನಾಳ ಕೋಟಿನ ತೋಳಿನೊಳಗೆ ತೂರಿಸುತ್ತಾಳೆ. ಅದು ಮೊದಲು ನನ್ನ ತೋಳಿಗೆ ಇದ್ದ ಹಕ್ಕು. ಚಿಕ್ಕಂದಿನಿಂದಲೂ ಅವಳಿಗೆ ಕೈಗವಸು ಬೇಡ, ನನ್ನ ತೋಳೇ ಬೇಕಿತ್ತು. ಆ ದಿನ ಅವಳು ಯಾರ ತೋಳನ್ನೂ ಹುಡುಕದೆ, ಎರಡು ಕೈಯನ್ನೂ ತನ್ನ ಕಂಕುಳಲ್ಲಿ ಇಟ್ಟುಕೊಂಡು ಒಂದು ಮರದ ಹಿಂದೆ ನಿಂತಳು.

"ಎಲ್ಲರೂ ಇಲ್ಲಿ ನೋಡಿ" ಎಂದು ಪೆನಿನಾ ಒಂದು ಕೊಂಬೆ ಬಗ್ಗಿಸಿ ಹಿಡಿದಳು. "ಕಡ್ಡಿ ಕೆಂಪಗಿದೆಯಾ? ಎಲೆ ಉದ್ದಗಿದೆಯಾ? ಈಗ ಎಲೆ ಅಂಚನ್ನ ಕೆಳತುಟಿ ಮೇಲೆ ಮೆಲ್ಲಗೆ ಎಳೀರಿ. ನುಣ್ಣಗಿದ್ರೆ ನಮ್ಮದು. ಗರಗಸದ ಹಾಗೆ ಪರಚಿದ್ರೆ ಮರಕ್ಕೇ ಬಿಡಿ."

ಮಕ್ಕಳೆಲ್ಲ ತುಟಿ ಮುಂದೆ ಮಾಡಿ ಎಲೆ ಸವರಿಕೊಂಡರು.

"ನಂದು ಪರಚ್ತು" ಎಂದ ಕೋಬಿ. ತರಗತಿಯಲ್ಲಿ ಬಾಯಿ ಮುಚ್ಚದ ಹುಡುಗ ಇವನೇ.

"ಅದು ಎಲೆ ಅಲ್ಲ, ನಿನ್ನ ಉಗುರು" ಎಂದಳು ಅವನ ಪಕ್ಕದ ಹುಡುಗಿ.

"ಹಾಗಾದ್ರೆ ನನ್ನ ಉಗುರೂ ಬೇಡ, ಮರಕ್ಕೇ ಬಿಡ್ತೀನಿ."

ನಾನು ಕತ್ತರಿ ಹಿಡಿದು ಮಕ್ಕಳು ತೋರಿಸಿದ ಕೊಂಬೆಗಳನ್ನು ಕುಯ್ದು ಕೊಡುತ್ತಾ ಬಂದೆ. ಒದ್ದೆ ಗೋಣಿಚೀಲದಲ್ಲಿ ಒಬ್ಬೊಬ್ಬರೇ ತಂದು ಮಲಗಿಸಿದರು. ಎಷ್ಟು ಮೆಲ್ಲಗೆ ಮಲಗಿಸುತ್ತಿದ್ದರು. ಯಾರೂ ಗದರಿರಲಿಲ್ಲ, ಆದರೂ ತಳ್ಳಾಟವಿಲ್ಲ. ಈ ಹುಡುಗಿಗೆ ಇದು ಹೇಗೆ ಬರುತ್ತದೆ ಎಂದು ನೋಡುತ್ತಾ ನಿಂತೆ. ನಾನು ಒಂದೇ ಮಗುವಿಗೆ ಶೂ ಹಾಕಿಸಲು ಬೆಳಗಿಡೀ ಬೇಡಿಕೊಳ್ಳುತ್ತೇನೆ.

ಆಗ ಕೋಬಿ ನನ್ನ ಕೋಟು ಜಗ್ಗಿದ. "ನಿಮಗೆ ಗೊತ್ತಾ, ನಮ್ಮ ಮಾದಲ ಹಣ್ಣಿನ ಮೂಗು ಕಳೆದುಹೋಗಿದೆ."

"ಕಳೆದುಹೋಗಿದೆಯಾ?"

"ಹೂಂ. ನಿನ್ನೆ ಎಲ್ಲರೂ ಮೂಸಿ ನೋಡಿದ್ವಿ. ಆಮೇಲೆ ನೋಡಿದ್ರೆ ಮೂಗೇ ಇಲ್ಲ. ಮೋರಾ ಕಸದ ಡಬ್ಬಿ ಎಲ್ಲ ಸುರಿದು ಹುಡುಕಿದ್ರು. ಬಾಳೆಹಣ್ಣಿನ ಸಿಪ್ಪೆ ಸಿಕ್ತು. ಮೂಗು ಸಿಗಲಿಲ್ಲ."

ನನ್ನ ಕೈಯ ಕತ್ತರಿ ಹಾಗೇ ನಿಂತಿತು. ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಒಂದೇ ಸಲಕ್ಕೆ ಉದುರಿಹೋದವು. ಅವಳು ಕಳಿಸಿರಲಿಲ್ಲ. ನನ್ನ ಬಗ್ಗೆ ಯೋಚಿಸಿರಲೂ ಇಲ್ಲ. ವಿಚಿತ್ರವೆಂದರೆ, ಅದಕ್ಕೂ ಒಂದು ಕ್ಷಣ ನನಗೆ ನೋವಾಯಿತು.

ಮಕ್ಕಳನ್ನು ಇನ್ನೊಬ್ಬ ಟೀಚರು ಬಿಸಿ ಸೇಬಿನ ರಸ ಕುಡಿಯಲು ಬೆಂಚಿನ ಕಡೆ ಕರೆದಳು. ನಾನು ಪೆನಿನಾಳ ಹತ್ತಿರ ಹೋಗಿ ಕರವಸ್ತ್ರ ಬಿಡಿಸಿ ಹಿಡಿದೆ.

ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. ಉರುಳಿ ಬಿದ್ದಿದ್ದ ಮರದ ದಿಮ್ಮಿಯ ಮೇಲೆ ನಿಧಾನವಾಗಿ ಕೂತಳು. "ಎಲ್ಲಿ ಸಿಕ್ತು?"

"ಶಿಫ್ರಾ ಜೇಬಲ್ಲಿ. ನೀವೇ ಕೊಟ್ಟಿರಬೇಕು ಅಂದ್ಕೊಂಡೆ."

"ನಾನಾ? ಯಾಕೆ?"

ನಾನು ಕರವಸ್ತ್ರವನ್ನು ಮತ್ತೆ ಮಡಚತೊಡಗಿದೆ. ಅವಳಿಗೆ ಅರ್ಥವಾಗಿರಬೇಕು, ಕಿವಿ ಕೆಂಪಾಯಿತು. "ನಾನು ಅಷ್ಟು ಹುಡುಕಿದ್ದು ಹಣ್ಣು ಹಾಳಾಯ್ತು ಅಂತ ಅಲ್ಲ" ಎಂದಳು. "ಮೊದಲ ದಿನಗಳು ಕಳೆದವಲ್ಲ, ಈಗ ಇದಿಲ್ಲದೇನೂ ನಡೆಯುತ್ತೆ ಅಂತ ರಬ್ಬಿ ಹೇಳಿದ್ರು. ನಮ್ಮಮ್ಮ ದೂರ ಇದ್ದಾರೆ. ದಿನಾ ಫೋನ್ ಮಾಡಿ ಅದನ್ನ ಇಟ್ಕೋ, ಮರೀಬೇಡ ಅಂತಿದ್ರು. ನಂಗೆ ಇದರಲ್ಲೆಲ್ಲ ನಂಬಿಕೆ ಇಲ್ಲಮ್ಮಾ ಅಂತ ನಾನು ಜೋರು ಮಾಡ್ತಿದ್ದೆ. ನಿನ್ನೆ ಅದು ಕಾಣೆಯಾದಾಗ ನೋಡಿ, ಕಸದ ಡಬ್ಬಿ ಮುಂದೆ ಕೂತು ಅತ್ತುಬಿಟ್ಟೆ."

ಕೋಟಿನ ಅಂಚನ್ನು ಎಳೆದು ಹೊಟ್ಟೆಯ ಮೇಲೆ ಹೊದ್ದುಕೊಂಡಳು. ನನ್ನ ಕಣ್ಣಿಗೆ ಮರೆಮಾಡುತ್ತಿದ್ದಾಳೆ ಎಂದು ಮೊದಲು ಅನಿಸಿತು. ಅಲ್ಲ, ಚಳಿಗೆ.

"ನಾನೊಂದು ಕೇಳ್ಲಾ?" ಎಂದಳು. "ಶಿಫ್ರಾ ಮನೇಲಿ ನನ್ನ ಬಗ್ಗೆ ಏನಾದ್ರೂ ಅಂದ್ಲಾ? ನಿನ್ನೆಯಿಂದ ನನ್ನ ಹತ್ರ ಬರ್ತಾ ಇಲ್ಲ. ಕರೆದ್ರೆ ಮೇಜಿನ ಕೆಳಗೆ ಹೋಗ್ತಾಳೆ. ಮೊದಲಾದ್ರೆ ಇಡೀ ದಿನ ಪಕ್ಕದಲ್ಲೇ ಕೂತು, ನಮ್ಮಮ್ಮ ಹಾಗಲ್ಲ ಮಾಡೋದು, ಹೀಗೆ ಅಂತ ತಿದ್ದೋಳು. ನಾನು ಸೌತೆಕಾಯಿ ಉದ್ದ ಕುಯ್ದ್ರೆ ಮುಟ್ಟೋದೇ ಇಲ್ಲ. ನಮ್ಮಮ್ಮ ಚಕ್ರ ಮಾಡ್ತಾರೆ, ಅದೇ ಸರಿ ಅಂತಾಳೆ."

"ಚಕ್ರನಾ?" ಎಂದೆ.

"ಚಕ್ರನೇ. ದಿನಾ ಅವಳೊಬ್ಬಳಿಗೆ ಬೇರೆ ಹೆಚ್ಚಬೇಕು."

ನಗು ಬಂತು, ಕಣ್ಣಿಗೆ ನೀರೂ ಬಂತು. ಎರಡನ್ನೂ ಹೊಳೆಯ ಕಡೆ ತಿರುಗಿ ನುಂಗಿಕೊಂಡೆ. ತಿರುಗಿದಾಗ ಶಿಫ್ರಾ ಕಂಡಳು. ಬೆಂಚಿನ ಹತ್ತಿರ ಹೋಗದೆ, ಅದೇ ಮರದ ಹಿಂದಿನಿಂದ ನಮ್ಮಿಬ್ಬರನ್ನೇ ನೋಡುತ್ತಿದ್ದಳು. ನನ್ನ ಅಂಗೈಯಲ್ಲಿದ್ದ ಬಿಳಿ ಕರವಸ್ತ್ರ ಅವಳ ಕಣ್ಣಿಗೆ ಬಿದ್ದಿತ್ತು.

ಅತ್ತೆಯ ಮಾತು ಆಗ ನೆನಪಾಯಿತು. ಕಚ್ಚದಿದ್ರೆ ಅಲ್ಲೇ ಕೂತಿರುತ್ತೆ. ನಾನು ಬೆಳಗ್ಗೆಯಿಂದ ನನ್ನ ನೋವನ್ನೇ ಮುಂದಿಟ್ಟುಕೊಂಡು ಓಡಾಡಿದ್ದೆ. ನನ್ನ ಮಗಳ ಮುಖ ನೋಡಿರಲಿಲ್ಲ.

"ಬಾ ಕಂದಾ" ಎಂದೆ. ಬರಲಿಲ್ಲ. ನಾನು ಇಬ್ಬನಿಯ ಹುಲ್ಲಿನ ಮೇಲೆಯೇ ಕೂತೆ. ಅವಳಿಗೆ ಅವಸರ ಮಾಡಿದರೆ ಇನ್ನೂ ಒಳಗೆ ಹೋಗುತ್ತಾಳೆಂದು ನನಗೆ ಗೊತ್ತು. ಬೆಂಚಿನ ಕಡೆ ಕೋಬಿ ಉದುರಿದ ಕೊಂಬೆಯೊಂದನ್ನು ನೆಲಕ್ಕೆ ಬಡಿದು ಬೈಸಿಕೊಳ್ಳುತ್ತಿದ್ದ, "ನಾಳೆಗೆ ಅಭ್ಯಾಸ" ಎನ್ನುತ್ತಿದ್ದ. ಶಿಫ್ರಾ ಒಂದು ಹೆಜ್ಜೆ ಬಂದಳು. ನಿಂತಳು. ಇನ್ನೊಂದು ಹೆಜ್ಜೆ ಬಂದಳು.

"ನಾನು ಕಚ್ಚಲಿಲ್ಲ" ಎಂದಳು. "ಕೈಯಲ್ಲಿ ಮುರಿದೆ."

"ಸರಿ."

"ಬಿಸಾಕಲೂ ಇಲ್ಲ. ಮಡಚಿ ಇಟ್ಟೆ."

"ನೋಡಿದೆ. ಚೆನ್ನಾಗಿ ಮಡಚಿದ್ದೆ."

"ಬಾಬಾ ಹೇಳಿದ್ರಲ್ಲ. ಮೋರಾ ಕಚ್ಚದಿದ್ರೆ ಅದು ಅಲ್ಲೇ ಕೂತಿರುತ್ತೆ ಅಂತ. ಆಗ ಮೋರಾ ಶಾಲೇಲೇ ಇರ್ತಾರೆ." ಶೂ ತುದಿಯಿಂದ ಇಬ್ಬನಿಯ ಹುಲ್ಲನ್ನು ಒತ್ತಿದಳು. "ಆದ್ರೆ ರಾತ್ರಿ ಅದಕ್ಕೆ ಒಳಗೆ ಕತ್ತಲೆ ಆಗುತ್ತಲ್ಲ."

ಪೆನಿನಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಎದ್ದು ಬರಲು ಹೊರಟವಳು ನನ್ನನ್ನು ನೋಡಿ ಹಾಗೇ ನಿಂತಳು. ಬರಲಿ ಎಂದು ನಾನು ತಲೆಯಾಡಿಸಬಹುದಿತ್ತು. ಆಡಿಸಲಿಲ್ಲ. ಅಷ್ಟು ಹೊತ್ತು ಮಗಳು ನನ್ನೊಬ್ಬಳ ಮುಂದೆಯೇ ನಿಲ್ಲಲಿ ಎಂಬ ಆಸೆ ಆಗಲೂ ನನಗೆ ಇತ್ತು.

ಶಿಫ್ರಾ ಹತ್ತಿರ ಬಂದಳು. ಕಂಕುಳಿನಿಂದ ಕೈ ತೆಗೆದು ನನ್ನ ಕೋಟಿನ ತೋಳಿನೊಳಗೆ ಮೊಣಕೈ ತನಕ ತೂರಿಸಿದಳು. ಬೆರಳುಗಳು ಮಂಜುಗಡ್ಡೆಯಾಗಿದ್ದವು, ಮಾದಲ ಹಣ್ಣಿನ ವಾಸನೆ ಅವುಗಳಿಂದ ಇನ್ನೂ ಹೋಗಿರಲಿಲ್ಲ. ನಾನು ಅದುಮಿ ಹಿಡಿದುಕೊಂಡೆ. ಕೈ ನನ್ನ ತೋಳಿನೊಳಗಿದ್ದರೂ ಅವಳ ಕಣ್ಣು ಪೆನಿನಾಳ ಮೇಲೆಯೇ ಇತ್ತು.

ನಾನು ಕರವಸ್ತ್ರವನ್ನು ಅವಳ ಇನ್ನೊಂದು ಕೈಗೆ ಕೊಟ್ಟೆ. "ಮೋರಾಗೆ ನೀನೇ ಕೊಡು" ಎಂದೆ. ಹೇಳುವುದು ಸುಲಭವಾಗಿರಲಿಲ್ಲ, ಆದರೂ ಹೇಳಿದೆ.

ಅವಳು ಕೊಡಲು ಕೈ ಚಾಚಿದಳು, ಅರ್ಧಕ್ಕೇ ನಿಲ್ಲಿಸಿದಳು. ಹಿಂದಿನ ಸಂಜೆಯಿಂದ ಬಾಯಿಯ ತನಕ ಬಂದು ಹಿಂದಕ್ಕೆ ಹೋಗುತ್ತಿದ್ದ ಮಾತು ಈ ಸಲ ಹಿಂದಕ್ಕೆ ಹೋಗಲಿಲ್ಲ.

"ಮೋರಾ, ನಿಮಗೆ ನಿಮ್ಮದೇ ಮಗು ಬಂದ ಮೇಲೆ, ನಾನು ಬಂದ್ರೆ, ನೀನು ಯಾರು ಅಂತ ಕೇಳ್ತೀರಾ?"